17 ರೂಪಾಯಿ ಬಾಕಿ

ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಎರಡೂ ಕೈ ಹಿಟ್ಟು. ಕಟ್ಟೆಯ ಮೇಲಿದ್ದ ಮೊಬೈಲ್ ಟಣ್ ಅಂತು. ಮತ್ತೆ ಟಣ್. ಹೀಗೆ ಆರು ಸಲ. ಅಷ್ಟು ಹೊತ್ತಿಗೇ ಆರು ಮೆಸೇಜು ಅಂದರೆ ಯಾರೋ ತೀರಿಕೊಂಡಿರಬೇಕು, ಇಲ್ಲಾ ನಳಕ್ಕೆ ನೀರು ಬಂದಿರಬೇಕು. ನಮ್ಮ ಕಲಬುರಗಿಯಲ್ಲಿ ಎರಡಕ್ಕೂ ಓಡಲೇಬೇಕು. ಮೊಣಕೈಯಿಂದ ಒತ್ತಿ ನೋಡಿದರೆ ‘ಮಾಳಿಗಿ ಸಾಲಿ’ ಗ್ರೂಪು, ಅಂದರೆ ಕೊರೋನಾ ಕಾಲದಲ್ಲಿ ನಮ್ಮ ಓಣಿಯವರು ಮಾಳಿಗೆ ಮೇಲೆ ನಡೆಸಿದ ಶಾಲೆಯದು.

‘ಸದಸ್ಯರ ಗಮನಕ್ಕೆ. 2020-21ನೇ ಸಾಲಿನ ಜಮಾ-ಖರ್ಚು ಇನ್ನೂ ಮುಗಿದಿಲ್ಲ. ಮನೆ ನಂಬರ್ 3ರಿಂದ ಚಾಕ್‌ಪೀಸಿನ ಬಾಬತ್ತು 17 ರೂಪಾಯಿ ಬರತಕ್ಕದ್ದು. ಪುರಾವೆಗೆ ಐದು ಪುಟಗಳ ಫೋಟೊ ಲಗತ್ತಿಸಿದೆ.’

ಮನೆ ನಂಬರ್ 3 ನಮ್ಮದೇ. ಓದಿ ಮುಗಿಸುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಲು. ಈ ರೊಟ್ಟಿಯನ್ನು ಯಾರ ಬಾಬತ್ತಿಗೆ ಹಾಕೋಣ?

ಕಳಿಸಿದವರು ಕಾಕಾ. ಓಣಿಗೆಲ್ಲ ಅವರು ಕಾಕಾನೇ. ಒಂದು ಪತ್ತಿನ ಸಹಕಾರ ಸಂಘದಲ್ಲಿ ಮೂವತ್ತು ವರ್ಷ ಕಾರ್ಯದರ್ಶಿ ಆಗಿದ್ದು ನಿವೃತ್ತರಾದರು. ನಿವೃತ್ತರಾದದ್ದು ಅವರು ಮಾತ್ರ. ಒಳಗಿನ ಕಾರ್ಯದರ್ಶಿ ಇನ್ನೂ ಸರ್ವಿಸ್‌ನಲ್ಲೇ ಇದ್ದಾನೆ. ಅವರ ಮನೆಯಲ್ಲಿ ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕಬೇಕೆಂದರೂ ಒಬ್ಬರು ಸೂಚಿಸಬೇಕು, ಒಬ್ಬರು ಅನುಮೋದಿಸಬೇಕು ಅಂತ ಅವರ ಹೆಂಡತಿಯೇ ಹೇಳುತ್ತಾರೆ.

ಆ ದಿನಗಳು ನಿಮಗೂ ನೆನಪಿರಬೇಕಲ್ಲ. ದೇಶದ ಮೊದಲ ಕೊರೋನಾ ಸಾವು ನಮ್ಮೂರಿನ ಹಿರಿಯರೊಬ್ಬರದು, 2020ರ ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ಬೆಂಗಳೂರಿನ ನೆಂಟರಿಗೆ ಕಲಬುರಗಿ ಅಂದರೆ ಬಿಸಿಲು ಮತ್ತು ತೊಗರಿಬೇಳೆ. ಆಮೇಲೆ ಫೋನ್ ಮಾಡಿ ‘ಆರಾಮ ಇದ್ದೀರಾ’ ಅಂತ ಕೇಳುವಾಗಲೂ ಮೂಗು ಮುಚ್ಚಿಕೊಂಡು ಕೇಳಿದ ಹಾಗೆ ಇರುತ್ತಿತ್ತು.

ಶಾಲೆಗಳು ಮುಚ್ಚಿದವು. ಮೊದಲ ಹದಿನೈದು ದಿನ ಮಕ್ಕಳಿಗೆ ಹಬ್ಬ. ಆಮೇಲೆ ನಮಗೆ ಹಬ್ಬ, ಬೇರೆ ಅರ್ಥದಲ್ಲಿ. ಜೂನ್‌ನಲ್ಲಿ ಸರ್ಕಾರ 5ನೇ ತರಗತಿವರೆಗೆ ಆನ್‌ಲೈನ್ ಪಾಠ ಬೇಡ ಅಂತು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಬೇಕೋ ಬೇಡವೋ ಅಂತ ಅವರು ತೀರ್ಮಾನಿಸುವಷ್ಟರಲ್ಲಿ ನಮ್ಮ ಮನೆಯ ಒಂದೇ ಒಂದು ಸ್ಮಾರ್ಟ್‌ಫೋನು ಮಗನ ಕೈಯಿಂದ ಜಾರಿ ನೀರಿನ ಬಕೆಟ್ಟಿಗೆ ಬಿದ್ದು ತಾನೇ ತೀರ್ಪು ಕೊಟ್ಟಿತ್ತು. ಚಂದನ ಟಿವಿಯಲ್ಲಿ ಪಾಠ ಶುರುವಾಯಿತು, ಆದರೆ 8ರಿಂದ 10ನೇ ತರಗತಿಯವರಿಗೆ. ನನ್ನ ಮಗಳು 7ನೇ, ಮಗ 4ನೇ. ಯಾವ ಯೋಜನೆಗೂ ಸಿಗದ ವಯಸ್ಸು. ಆಗಸ್ಟ್‌ನಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರುಗಳು ವಿದ್ಯಾಗಮ ಅಂತ ಗುಡಿಕಟ್ಟೆ, ಮರದ ನೆರಳಲ್ಲಿ ಪಾಠ ಶುರು ಮಾಡಿದರು. ಅದೂ ಅಕ್ಟೋಬರಿಗೆ ನಿಂತಿತು.

ಆದರೆ ನಮ್ಮ ಓಣಿ ಅಷ್ಟರಲ್ಲಿ ಸ್ವತಂತ್ರವಾಗಿತ್ತು. ನಾಲ್ಕು ಮನೆಯವರು ಸೇರಿ ಸರದಿ ಮೇಲೆ ಪಾಠ ಹೇಳೋಣ ಅಂತ ಜುಲೈನಲ್ಲೇ ಮಾತಾಡಿಕೊಂಡಿದ್ದೆವು. ಬಾಗಿಲಲ್ಲಿ ನಿಂತು, ಐದು ನಿಮಿಷದಲ್ಲಿ, ಸುಮ್ನೆ. ಅದನ್ನು ಕಾಕಾ ಕೇಳಿಸಿಕೊಂಡರು. ಅಲ್ಲಿಗೆ ಆ ‘ಸುಮ್ನೆ’ ಅನ್ನುವುದು ಮುಗಿಯಿತು.

ಮರುದಿನವೇ ಕಾಕಾನ ಮಾಳಿಗೆಯ ಮೇಲೆ ಸಭೆ. ಕುರ್ಚಿಗಳ ನಡುವೆ ಆರು ಅಡಿ ಬಿಡಬೇಕು ಅಂತ ಅವರೇ ಟೇಪು ಹಿಡಿದು ಅಳೆದರು. ಭಾಷಣ ಶುರುವಾದದ್ದು ಗದಗಿನ ಕಣಗಿನಹಾಳದಿಂದ. ‘1905ರಾಗ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ರು. ಆಗ ಪ್ಲೇಗು, ಬರ ಎಲ್ಲಾ ಇತ್ತು. ಅವ್ರೇನು ಸುಮ್ನ ಕುಂತ್ರೇನು?’ ಆಮೇಲೆ ನಡೆದ ಪ್ರತಿ ಸಭೆಯೂ ಕಣಗಿನಹಾಳದ ಮೇಲೆ ಹಾದೇ ಮುಂದೆ ಬಂತು. ಚಾಕ್‌ಪೀಸು ಬಿಳಿ ತರಬೇಕೋ ಬಣ್ಣದ್ದೋ ಅನ್ನುವ ಸಭೆ ಕೂಡ. ನನ್ನ ಮಗ ‘ಭಾರತದ ರಾಜಧಾನಿ ಯಾವುದು’ ಅಂದರೆ ತಡವರಿಸುತ್ತಿದ್ದ. ಕಣಗಿನಹಾಳ ಎಲ್ಲಿದೆ ಅಂದರೆ ನಿದ್ದೆಯಲ್ಲೂ ಹೇಳುತ್ತಿದ್ದ.

ನಾಲ್ಕು ಮನೆ, ಐದು ಮಕ್ಕಳು. ನಮ್ಮವಿಬ್ಬರು ಸ್ಟೇಟ್ ಸಿಲಬಸ್, ಇಂಗ್ಲಿಷ್ ಮೀಡಿಯಂ. ಎದುರು ಮನೆ ವೈನಿಯ ಮಗ ಸಿಬಿಎಸ್‌ಇ. ಆಟೋ ಓಡಿಸುವ ಮೂಲೆಮನೆ ತಮ್ಮನ ಮಗ ಸರ್ಕಾರಿ ಕನ್ನಡ ಶಾಲೆ. ನಾಲ್ಕನೇ ಮನೆಯ ಆಪಾನ (ನಮಗೆಲ್ಲ ಅಕ್ಕ) ಮಗಳು ಉರ್ದು ಮೀಡಿಯಂ. ಬೆಳಿಗ್ಗೆ ಆರೂವರೆಗೆ ಐವರೂ ಒಟ್ಟಿಗೆ ಮಗ್ಗಿ ಹೇಳುತ್ತಿದ್ದರು. ಒಬ್ಬ ‘ಎರಡ ಒಂದ್ಲೆ ಎರಡ’, ಒಬ್ಬಳು ‘ದೋ ಏಕಂ ದೋ’, ಮಿಕ್ಕವರು ‘ಟೂ ವನ್ಸ್ ಆರ್ ಟೂ’. ಕೆಳಗೆ ಹಾಲಿನವನು ಲೀಟರ್ ಎಷ್ಟೆಂದು ಮರೆತು ನಿಂತುಬಿಡುತ್ತಿದ್ದ. ಮನೆ ಕಟ್ಟಿಸುವಾಗ ಉಳಿದಿದ್ದ ಶಹಾಬಾದ ಫರಸಿ ಕಲ್ಲನ್ನು ನೀರಿನ ಟಾಕಿಗೆ ಆನಿಸಿ ನಿಲ್ಲಿಸಿದ್ದೇ ಹಲಗೆ. ಮಾರ್ಚ್ 22ರ ಸಂಜೆ ಎಲ್ಲರೂ ಬಡಿದ ತಾಟುಗಳಲ್ಲಿ ಹೆಚ್ಚು ತಗ್ಗು ಬಿದ್ದಿದ್ದ ಒಂದು ತಾಟು, ಶಾಲೆಯ ಗಂಟೆ. ಒಂಬತ್ತಾಗುತ್ತಲೇ ಬಿಸಿಲು ಕಣ್ಣಿಗೆ ಬಂದು ಶಾಲೆ ತಾನೇ ಬಿಡುತ್ತಿತ್ತು.

ಈಗ ಒಂದು ‘ಪಾಯಿಂಟ್ ಎರಡ’ರ, ಅಂದರೆ 0.2ರ, ಕತೆಗೆ ಬರುತ್ತೇನೆ. ಇದನ್ನು ಹೇಳದಿದ್ದರೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ.

ಆ ಜುಲೈನಲ್ಲೇ ಸಿಬಿಎಸ್‌ಇಯವರು 9ರಿಂದ 12ನೇ ತರಗತಿಗೆ ಪಾಠ ಶೇಕಡಾ 30ರಷ್ಟು ಕಡಿಮೆ ಮಾಡಿದರು. ಕಾಕಾ ಪೇಪರಲ್ಲಿ ಓದಿ ತುರ್ತು ಸಭೆ ಕರೆದರು. ‘ನಮ್ಮ ಮಕ್ಕಳು ಸಣ್ಣ ತರಗತಿಯವು ಅಲ್ರಿ ಕಾಕಾ’ ಅಂದೆ. ‘ಅವ್ರು ಮ್ಯಾಲಿಂದ ಕಡಿಮಿ ಮಾಡ್ಯಾರ ತಂಗಿ, ನಾವು ಕೆಳಗಿಂದ ಮಾಡೋಣು’ ಅಂದರು. ಉದಾಹರಣೆಗೆ ಅಂತ ಎದುರು ಮನೆ ಹುಡುಗನ 6ನೇ ತರಗತಿ ಗಣಿತದ ಪುಸ್ತಕ ಎತ್ತಿಕೊಂಡರು. ಅದರಲ್ಲಿ 14 ಪಾಠ. ಹದಿನಾಲ್ಕರಲ್ಲಿ ಶೇಕಡಾ 30 ಅಂದರೆ 4.2 ಪಾಠ.

ನಾಲ್ಕು ಪಾಠ ತೆಗೆಯುವುದು ಕಷ್ಟವಾಗಲಿಲ್ಲ. ಗಣಿತ ಹೇಳಬೇಕಾದವಳು ನಾನು. ಹಾಗಾಗಿ ನನಗೆ ಬರದ ನಾಲ್ಕು ಪಾಠ ಸೂಚಿಸಿದೆ: ಭಿನ್ನರಾಶಿ, ದಶಮಾಂಶ, ಬೀಜಗಣಿತ, ಕೈವಾರ ಹಿಡಿದು ಮಾಡುವ ರೇಖಾಗಣಿತ. ಮಕ್ಕಳು ಚಪ್ಪಾಳೆ ತಟ್ಟಿ ಅನುಮೋದಿಸಿದರು. ಏಳೋಣ ಅನ್ನುವಷ್ಟರಲ್ಲಿ ಕಾಕಾ ಕೈ ಎತ್ತಿದರು.

‘ಆ ಪಾಯಿಂಟ್ ಎರಡು?’

‘ಬಿಟ್ಟುಬಿಡ್ರಿ ಕಾಕಾ.’

‘ಠರಾವಿನಾಗ ಶೇಕಡಾ 30 ಅಂತ ಬರದೀವಿ. ನಾಳಿ ಆಡಿಟ್‌ನಾಗ ಕೇಳಿದ್ರ ಯಾರು ಹೇಳ್ಬೇಕು?’

ಯಾವ ಆಡಿಟ್, ಯಾರು ಬಂದು ಕೇಳುತ್ತಾರೆ ಅಂತ ಕೇಳುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಒಂದು ಪಾಠದ ಐದನೆಯ ಒಂದು ಭಾಗ ಕತ್ತರಿಸಬೇಕು. ಯಾವ ಪಾಠ? ವೈನಿ ‘ದತ್ತಾಂಶ’ ಅಂದರು. ಆಪಾ ‘ಪೂರ್ಣಸಂಖ್ಯೆ’ ಅಂದರು. ‘ಪೂರ್ಣಸಂಖ್ಯೆ ಅಂದ ಮ್ಯಾಲ ಪೂರ್ತಿ ಇರಬೇಕು, ಅದ್ರಾಗ ಹ್ಯಾಂಗ ತುಂಡು ಮಾಡ್ತೀರಿ?’ ಅಂತ ಕಾಕಾ ತಳ್ಳಿಹಾಕಿದರು. ಮೂಲೆಮನೆ ತಮ್ಮ ‘ಎಲ್ಲಾ ಪಾಠದಾಗೂ ಕೊನೀ ಲೆಕ್ಕ ಬಿಟ್ಟುಬಿಡ್ರಿ, ಮೀಟರ್ ರೌಂಡ್ ಮಾಡಿದಂಗ’ ಅಂದ. ಇದ್ದುದರಲ್ಲಿ ಬುದ್ಧಿವಂತ ಮಾತು ಅದೊಂದೇ. ಅದಕ್ಕೇ ಬಿದ್ದುಹೋಯಿತು. ಕೊನೆಗೆ ಸಮಮಿತಿ ಪಾಠದಲ್ಲಿ ಕತ್ತರಿಸೋಣ ಅಂತಾಯಿತು. ಪುಸ್ತಕ ತೆರೆದು ಅಳೆದರೆ ಕತ್ತರಿ ಬೀಳುವುದು ಸರಿಯಾಗಿ ಒಂದು ಚಿಟ್ಟೆಯ ಚಿತ್ರದ ನಡುವೆ. ಅರ್ಧ ಚಿಟ್ಟೆ ಕಲಿಸುವುದು, ಅರ್ಧ ಬಿಡುವುದು. ‘ಸಮಮಿತಿ ಪಾಠದಾಗ ಚಿಟ್ಟಿಗೆ ಒಂದ ರೆಕ್ಕಿ ಇದ್ರ ಅದು ಸಮಮಿತಿ ಹ್ಯಾಂಗ ಆಗ್ತದ?’ ಅಂತ ಕಾಕಾಗೆ ಧರ್ಮಸಂಕಟ.

ಅಷ್ಟರಲ್ಲಿ ನನ್ನ ಮಗಳು ಎದ್ದು ನಿಂತಳು. ‘4.2 ಅನ್ನೋದು ತಿಳೀಬೇಕಂದ್ರ ದಶಮಾಂಶದ ಪಾಠ ಬೇಕಲ್ಲ, ಅಜ್ಜಾ? ಅದನ್ನ ಮೊದಲೇ ತೆಗದ್ರಲ್ಲ!’

ಮಾಳಿಗೆ ಮೇಲೆ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಟಾಕಿಯಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಸಭೆ ಶುರುವಾಗಿ ಎರಡು ಗಂಟೆ ಆಗಿತ್ತು. ಕಾಕಾ ಪೆನ್ನಿನ ಕ್ಯಾಪ್ ಹಾಕಿ ಬರೆಸಿದರು, ‘ಉಳಿದ 0.2 ಪಾಠದ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು.’ ಪೆನ್ನು ಮುಚ್ಚಿದ್ದರಿಂದ ಬರೆಯಬೇಕಾದವಳು ನಾನು.

ಪಾಠಗಳ ವಿಷಯ ಜಾಸ್ತಿ ಹೇಳುವುದಿಲ್ಲ. ನಾನು ಭಿನ್ನರಾಶಿ ಬಿಟ್ಟದ್ದು ಮಕ್ಕಳ ಪುಣ್ಯ. ಆಪಾ ಹಿಂದಿ, ಉರ್ದು ಹೇಳಿದರು, ಜೊತೆಗೆ ಬೈಗುಳವೊಂದನ್ನೂ. ಅದನ್ನು ಹುಡುಗರು ಒಂದೇ ದಿನದಲ್ಲಿ ಕಲಿತರು. ಎಲ್ಲರಿಗಿಂತ ಚಂದ ಪಾಠ ಮಾಡಿದವನು ಮೂಲೆಮನೆ ತಮ್ಮ. ಸೂಪರ್ ಮಾರ್ಕೆಟ್‌ನಿಂದ ಸ್ಟೇಷನ್‌ಗೆ ಮೂವರನ್ನು ಕೂರಿಸಿಕೊಂಡು ಹೋದರೆ ಬಾಡಿಗೆ ಎಷ್ಟು, ಒಬ್ಬ ನಡುವೆ ಇಳಿದು ಕೊಡದೇ ಓಡಿಹೋದರೆ ನಷ್ಟ ಎಷ್ಟು, ಇದು ಅವನ ಗಣಿತ. ನನ್ನ ಮಗ ಇವತ್ತಿಗೂ ಪ್ರಮಾಣ, ಅನುಪಾತ ಅಂದರೆ ಓಡಿಹೋದ ಆ ಪ್ರಯಾಣಿಕನನ್ನೇ ನೆನೆಸುತ್ತಾನೆ. ಶುಕ್ರವಾರ ಕಾಕಾನ ಹೆಂಡತಿ ಮಂಡಕ್ಕಿಯ ಸುಸ್ಲಾ ಮಾಡಿ ಕಳಿಸುತ್ತಿದ್ದರು, ಜೊತೆಗೆ ಮಿರ್ಚಿ ಭಜಿ. ಶುಕ್ರವಾರ ಒಬ್ಬನೂ ತಡವಾಗಿ ಬಂದದ್ದಿಲ್ಲ.

ತಡವಾಗಿ ಏನು, ಯಾರೂ ತಪ್ಪಿಸಿದ್ದೇ ಇಲ್ಲ. ಅದಕ್ಕೇ ಆ ಹಾಜರಿ ವಿಷಯ ನನಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಪ್ರತಿ ತಿಂಗಳ ಸಭೆಯಲ್ಲೂ ಕಾಕಾ ಕನ್ನಡಕ ಏರಿಸಿ ಹೇಳುತ್ತಿದ್ದರು, ‘ಹಾಜರಿ ಶೇಕಡಾ 71. ಭಾಳ ಕಡಿಮಿ ಆತು. ಪಾಲಕರು ಲಕ್ಷ್ಯ ಕೊಡ್ಬೇಕು.’

‘ಕಾಕಾ, ದಿನಾ ಐದೂ ಮಕ್ಕಳು ಬಂದಾವಲ್ರಿ?’

‘ಪುಸ್ತಕ ಸುಳ್ಳ ಹೇಳ್ತದೇನು ತಂಗಿ?’

ತೋರಿಸಿ ಅಂದರೆ ದಫ್ತರ ಹೊರಗೆ ಕೊಡಾಂಗಿಲ್ಲ ಅಂತ ಅರಿವೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು. ನಾನು ಮನೆಗೆ ಬಂದು ಮಗನ ಮೇಲೆ ಹರಿಹಾಯ್ದೆ. ಮೇಲೆ ಹೋಗುತ್ತೇನೆ ಅಂತ ಹೇಳಿ ಎಲ್ಲಿ ಸುತ್ತುತ್ತೀ ಅಂತ. ‘ಶರಣಬಸಪ್ಪನಾಣಿ ಮಮ್ಮಿ, ದಿನಾ ಹೋಗೀನಿ’ ಅಂತ ಅತ್ತ. ನಂಬಲಿಲ್ಲ. ಮೂವತ್ತು ವರ್ಷ ಲೆಕ್ಕ ಬರೆದವರು ತಪ್ಪುತ್ತಾರಾ, ನಾಲ್ಕನೇ ತರಗತಿ ಹುಡುಗ ತಪ್ಪುತ್ತಾನಾ? ಆಮೇಲೆ ಕಾಕಾಗೆ ವಯಸ್ಸಾಯಿತು, ಲೆಕ್ಕ ತಪ್ಪುತ್ತಿದೆ ಅಂತ ವೈನಿಯೂ ನಾನೂ ತೀರ್ಮಾನಿಸಿದೆವು. ಅದಕ್ಕೆ ಸಭೆ ಬೇಕಾಗಲಿಲ್ಲ.

2021ರ ಅಕ್ಟೋಬರ್ 25ಕ್ಕೆ 1ರಿಂದ 5ನೇ ತರಗತಿಯೂ ತೆರೆಯಿತು. ಮಗ ಉದ್ದ ಸಾಲದ ಪ್ಯಾಂಟು ಹಾಕಿಕೊಂಡು ಶಾಲೆಗೆ ಹೋದ. ಮಾಳಿಗಿ ಸಾಲಿ ಮುಗಿಯಿತು ಅಂತ ನಾವೆಲ್ಲ ತಿಳಿದೆವು. ಮುಗಿಸುವ ಠರಾವು ಆಗಿರಲಿಲ್ಲ ಅನ್ನುವುದು ಗೊತ್ತಾದದ್ದು ಇವತ್ತು.

ಕೈ ತೊಳೆದುಕೊಂಡು ಜಗಳಕ್ಕೆ ತಯಾರಾಗಿಯೇ ಆ ಐದು ಫೋಟೊ ತೆರೆದೆ. 17 ರೂಪಾಯಿಯಲ್ಲಿ ಎಲ್ಲಾದರೂ ಒಂದು ತಪ್ಪು ಸಿಗಲಿ ಅಂತ. ನಾಲ್ಕು ಪುಟ ಚಾಕ್‌ಪೀಸು, ಸ್ಯಾನಿಟೈಸರ್, ಒರೆಸುವ ಅರಿವೆ. ಐದನೆಯದು ಹಾಜರಿ ಪುಸ್ತಕ. ಬಾಕಿ ಹಂಚಿಕೆ ಮಕ್ಕಳ ಲೆಕ್ಕದ ಮೇಲೆ ಆಗಿದೆ ಅಂತ ತೋರಿಸಲು ಹಾಕಿದ್ದಾರೆ.

ಅದರಲ್ಲಿ ಏಳು ಹೆಸರಿದ್ದವು.

ಒಂದರಿಂದ ಐದು ನಮ್ಮ ಮಕ್ಕಳು. ಎಲ್ಲಾ ದಿನ ಹಾಜರು. ಆರು ಮತ್ತು ಏಳು, ಪುಣೆಯಲ್ಲಿರುವ ಅವರ ಮೊಮ್ಮಕ್ಕಳು. ಆಗ ಮಹಾರಾಷ್ಟ್ರದಿಂದ ಬರುವವರಿಗೆ ಕ್ವಾರಂಟೈನ್ ಇತ್ತು, ಕಾಕಾನ ಮಗ ಬರಲೇ ಇಲ್ಲ. ಇಬ್ಬರ ಸಾಲಿನುದ್ದಕ್ಕೂ ದಿನಾ ಬೆಳಿಗ್ಗೆ ‘ಗೈರು’, ‘ಗೈರು’, ‘ಗೈರು’. ಅದೂ ಎಷ್ಟು ದುಂಡಗಿನ ಅಕ್ಷರ. ಪಕ್ಕದಲ್ಲಿ ಖರ್ಚಿನ ಕಾಲಂ: ಮನೆ ನಂಬರ್ 9, ವಿದ್ಯಾರ್ಥಿಗಳು 2, ಪೂರ್ತಿ ಜಮಾ.

ಏಳರಲ್ಲಿ ಐದು ಅಂದರೆ ಶೇಕಡಾ 71. ಲೆಕ್ಕ ಸರಿಯಾಗಿಯೇ ಇತ್ತು.

ಒಲೆ ಆರಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಮೇಲೆ ಫೋನ್‌ಪೇಯಲ್ಲಿ 20 ರೂಪಾಯಿ ಹಾಕಿದೆ. ಒಂದು ನಿಮಿಷವೂ ಆಗಿಲ್ಲ, ಟಣ್.

‘ಮನೆ ನಂಬರ್ 3ರಿಂದ 3 ರೂಪಾಯಿ ಹೆಚ್ಚುವರಿ ಜಮಾ ಆಗಿದೆ. ಇದನ್ನು ಯಾವ ಖಾತೆಗೆ ಹಾಕಬೇಕು ಎಂದು ತೀರ್ಮಾನಿಸಲು ಭಾನುವಾರ ಬೆಳಿಗ್ಗೆ ಆರೂವರೆಗೆ ಸಭೆ. ಕೋರಂ ಆಗುವಂತೆ ನೋಡಿಕೊಳ್ಳುವುದು.’

ಮೂಲೆಮನೆ ತಮ್ಮ ಹೆಬ್ಬೆರಳು ಒತ್ತಿದ. ಆಪಾ ‘ಆತೂಂ’, ಬರ್ತೀನಿ ಅಂತ ಬರೆದರು. ನಾನು ‘ಸುಸ್ಲಾ ನಾನು ತರ್ತೀನಿ ಕಾಕಾ’ ಅಂತ ಹಾಕಿದೆ.

ಪಿಯುಸಿ ಓದುತ್ತಿರುವ ಮಗಳು ಒಳಗಿನಿಂದಲೇ ಕೂಗಿದಳು. ‘ಮಮ್ಮಿ, ಆ ಪಾಯಿಂಟ್ ಎರಡು ಪಾಠನೂ ಮುಂದಿನ ಸಭೆಗಂತ ಇಟ್ಟಿದ್ರಲ್ಲ, ಅದನ್ನೂ ಹಾಕಿಸಿಬಿಡು.’