ಮೌನ ಸಮ್ಮತಿಯ ಕಾರ್ಯದರ್ಶಿ

ನಾನು ಮ್ಯೂಸಿಯಂ ಶಿಕ್ಷಣ ಸಂಘದ ಗೌರವ ಕಾರ್ಯದರ್ಶಿ ಆಗಿದ್ದು ಚುನಾವಣೆ ಗೆದ್ದು ಅಲ್ಲ. ಆನ್‌ಲೈನ್ ಸಭೆಯಲ್ಲಿ ನನ್ನ ಮೈಕ್ ಮ್ಯೂಟ್ ಆಗಿತ್ತು, ಅಷ್ಟೇ. "ಇವರ ಹೆಸರು ಸೂಚಿಸುತ್ತೇನೆ" ಎಂದರು ಒಬ್ಬರು. "ಅನುಮೋದಿಸುತ್ತೇನೆ" ಎಂದರು ಇನ್ನೊಬ್ಬರು. ನಾನು ಎರಡೂ ಕೈ ಆಡಿಸಿ ಬೇಡ, ಬೇಡ ಅಂದೆ. ಥ್ಯಾಂಕ್ಸ್ ಹೇಳುತ್ತಿದ್ದೇನೆ ಅಂದುಕೊಂಡರು. ಮೌನಂ ಸಮ್ಮತಿ ಲಕ್ಷಣಂ. ಚಪ್ಪಾಳೆ.

ಖಜಾಂಚಿಯದು ಇನ್ನೂ ಪಾಪ. ನಡುವೆ ಅವರ ನೆಟ್ ಕಟ್ ಆಯಿತು. ವಾಪಸ್ ಬರುವಷ್ಟರಲ್ಲಿ ಖಜಾಂಚಿ ಆಗಿಬಿಟ್ಟಿದ್ದರು. "ಖಜಾನೆಯಲ್ಲಿ ಎಷ್ಟಿದೆ ಸಾರ್?" ಎಂದು ಕೇಳಿದರು. "ರಸೀದಿ ಪುಸ್ತಕ ಇದೆ" ಎಂದರು ಅಧ್ಯಕ್ಷರು.

ಸಂಬಳ ಇಲ್ಲದ ಹುದ್ದೆಯ ಮುಂದೆ 'ಗೌರವ' ಅಂತ ಒಂದು ಪದ ಅಂಟಿಸುತ್ತಾರೆ. ಆ ಪದ ಲೆಟರ್‌ಹೆಡ್ಡಿನಲ್ಲಿ ಮಾತ್ರ ಇರುತ್ತದೆ ಅನ್ನೋದು ಎರಡನೇ ಸಭೆಯಲ್ಲೇ ಗೊತ್ತಾಯಿತು.

ನಮ್ಮ ಸದಸ್ಯರೆಲ್ಲ ಮ್ಯೂಸಿಯಂಗಳಲ್ಲಿ ಮಕ್ಕಳಿಗೆ ಕಲಿಸುವವರು. ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಮಗುವಿನ ಮುಂದೆ ಒಂದು ಮಡಕೆ ಇಟ್ಟು, "ಇದರಲ್ಲಿ ಏನು ತುಂಬಿಡುತ್ತಿದ್ದಿರಬಹುದು?" ಅಂತ ಕೇಳಿ ಬಾಯಿ ಮುಚ್ಚಿಕೊಂಡು ಕಾಯಬೇಕು. ಭಾಷಣ ಬಿಗಿಯಬಾರದು. ವಸ್ತುವೇ ಮಾತಾಡಬೇಕು. ಇದು ಈ ಕಸುಬಿನ ಮೊದಲ ಪಾಠ. ಇದನ್ನು ನಮ್ಮ ಅಧ್ಯಕ್ಷರು 64 ಸ್ಲೈಡುಗಳಲ್ಲಿ, ಒಂದಕ್ಷರ ಬಿಡದೆ, ಸ್ಲೈಡ್ ನೋಡಿಕೊಂಡೇ ಓದಿ ನಮಗೆ ಮನದಟ್ಟು ಮಾಡಿಸಿದರು. 40ನೇ ಸ್ಲೈಡಿನ ತಲೆಬರಹ 'ಓದಿ ಹೇಳುವುದನ್ನು ನಿಲ್ಲಿಸಿ'. ಅದನ್ನು ಎರಡು ಸಲ ಓದಿದರು.

ಆಮೇಲೆ ಧ್ಯೇಯವಾಕ್ಯ ಉಪಸಮಿತಿ ಹುಟ್ಟಿತು. ಪ್ರಶ್ನೆ ಸಣ್ಣದು: ಮ್ಯೂಸಿಯಂಗೆ ಬರುವವರನ್ನು ಏನಂತ ಕರೆಯಬೇಕು? 'ಪ್ರೇಕ್ಷಕರು' ಅಂದರೆ ಸುಮ್ನೆ ಕೂತು ನೋಡುವವರು ಅಂತಾಗುತ್ತದೆ ಎಂದರು ಒಬ್ಬ ಮೇಡಂ. 'ಸಂದರ್ಶಕರು' ಅಂದರೆ ಕೆಲಸಕ್ಕೆ ಇಂಟರ್‌ವ್ಯೂ ಮಾಡೋಕೆ ಬಂದವರ ಥರ ಕೇಳುತ್ತದೆ ಎಂದರು ಇನ್ನೊಬ್ಬರು. 'ಕಲಿಯುವವರು' ಅಂದರೆ ಅವರಿಗೆ ಏನೂ ಗೊತ್ತಿಲ್ಲ ಅಂದ ಹಾಗಾಯ್ತಲ್ವಾ? ಮೂರು ಸಭೆ ಕಳೆದ ಮೇಲೆ 'ಸಹಪಯಣಿಗರು' ಗೆದ್ದಿತು. ಖಜಾಂಚಿ ಮೆಲ್ಲಗೆ, "ಜನ ಅಂದರೆ ಆಗಲ್ವಾ?" ಅಂದರು. ತಕ್ಷಣ ಅವರನ್ನು ಉಪಸಮಿತಿಯಿಂದ ಕೈಬಿಡಲಾಯಿತು. ಅವರ ಮುಖದಲ್ಲಿ ಅಷ್ಟು ಖುಷಿ ನಾನು ಮತ್ತೆ ಕಂಡಿಲ್ಲ.

ನಮ್ಮನ್ನೇ ಬೈಯಬೇಡಿ. ದೊಡ್ಡವರ ಮನೆಯಲ್ಲೂ ಇದೇ ಕಥೆ. 1946ರಲ್ಲಿ ಶುರುವಾದ ಅಂತರರಾಷ್ಟ್ರೀಯ ಮ್ಯೂಸಿಯಂ ಮಂಡಳಿ ಇದೆಯಲ್ಲ, ಎಲ್ಲರೂ ಐಕಾಮ್ ಅನ್ನುವುದು, ಮ್ಯೂಸಿಯಂ ಯಾಕಿರಬೇಕು ಅನ್ನೋದಕ್ಕೆ ಅವರ 1974ರ ವ್ಯಾಖ್ಯೆ 'ಅಧ್ಯಯನ, ಶಿಕ್ಷಣ, ಸಂತೋಷ' ಎಂದಿತ್ತು. 2007ರಲ್ಲಿ ಅದು 'ಶಿಕ್ಷಣ, ಅಧ್ಯಯನ, ಸಂತೋಷ' ಆಯಿತು. ಶಿಕ್ಷಣ ಒಂದೇ ಒಂದು ಮೆಟ್ಟಿಲು ಮೇಲೆ ಬರಲು 33 ವರ್ಷ. 2019ರಲ್ಲಿ ಕ್ಯೋಟೋದಲ್ಲಿ ಹೊಸ ವ್ಯಾಖ್ಯೆ ತಂದರು. ವಾದ ಜೋರಾಯಿತು. ಕೊನೆಗೆ ಬಹುಮತದಿಂದ ಪಾಸಾಗಿದ್ದು 'ಮುಂದೂಡೋಣ' ಅನ್ನೋ ನಿರ್ಣಯ. ಮತ್ತೆ ಮೂರು ವರ್ಷ ಚರ್ಚಿಸಿ 2022ರ ಆಗಸ್ಟ್‌ನಲ್ಲಿ ಪ್ರಾಗ್‌ನಲ್ಲಿ ಒಪ್ಪಿದರು. ಈ ಲೆಕ್ಕದಲ್ಲಿ ನಮ್ಮದು ಮಿಂಚಿನ ವೇಗ ಎಂದು ಅಧ್ಯಕ್ಷರು ವಾರ್ಷಿಕ ವರದಿಯಲ್ಲಿ ಬರೆಸಿದರು. ಬರೆದವನು ನಾನೇ.

ಅತ್ತ 'ಸಹಪಯಣಿಗರು' ಏನು ಮಾಡುತ್ತಾರೆ? ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ಜನರಿಗೆ ಗೊತ್ತಾಗದ ಹಾಗೆ ಗಡಿಯಾರ ಹಿಡಿದು ನಿಂತು ಲೆಕ್ಕ ಹಾಕಿದ ಸಂಶೋಧನೆಯೊಂದು 2001ರಲ್ಲಿ ಬಂತು. ಒಂದು ಕಲಾಕೃತಿಯ ಮುಂದೆ ಜನ ನಿಲ್ಲುವುದು ಸರಾಸರಿ 27 ಸೆಕೆಂಡು. ಅದೂ ಕೆಲವರು ಜಾಸ್ತಿ ಹೊತ್ತು ನಿಂತಿದ್ದಕ್ಕೆ. ಅರ್ಧದಷ್ಟು ಸಲ 17 ಸೆಕೆಂಡೂ ನಿಲ್ಲುವುದಿಲ್ಲ. ಆ 27ರಲ್ಲಿ ಪಕ್ಕದ ಚೀಟಿ ಓದುವ ಹೊತ್ತೂ ಸೇರಿದೆ. ನಮ್ಮ ಸಭೆಗಳಲ್ಲಿ "ನನ್ನ ದನಿ ಕೇಳಿಸ್ತಿದೆಯಾ?" ಅನ್ನೋದಕ್ಕೇ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ.

ನನಗೆ ಈ ಕಸುಬಿನಲ್ಲಿ ತುಂಬಾ ಇಷ್ಟವಾದ ಮನುಷ್ಯ ಬೆಂಜಮಿನ್ ಐವ್ಸ್ ಗಿಲ್ಮನ್. ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂನ ಕಾರ್ಯದರ್ಶಿ ಆತ. ಹ್ಞಾಂ, ಕಾರ್ಯದರ್ಶಿ! 1916ರಲ್ಲಿ 'ಮ್ಯೂಸಿಯಂ ಆಯಾಸ'ದ ಬಗ್ಗೆ ಲೇಖನ ಬರೆದ. ವಸ್ತುಗಳನ್ನು ನೋಡಲು, ಚೀಟಿ ಓದಲು ಒಬ್ಬ ಮನುಷ್ಯ ಹೇಗೆಲ್ಲ ಬಗ್ಗಬೇಕು, ಕುಕ್ಕರುಗಾಲಲ್ಲಿ ಕೂರಬೇಕು, ಕತ್ತು ತಿರುಚಬೇಕು ಎಂದು ಫೋಟೋ ತೆಗೆಸಿ ತೋರಿಸಿದ. ಸಮಿತಿ ಇಲ್ಲ, ಸ್ಲೈಡ್ ಇಲ್ಲ. ಒಬ್ಬ ಮನುಷ್ಯ, ಒಂದು ಕ್ಯಾಮೆರಾ. ನೂರು ವರ್ಷ ದಾಟಿದರೂ ಚೀಟಿ ಎಷ್ಟೋ ಕಡೆ ಇನ್ನೂ ಮೊಣಕಾಲ ಮಟ್ಟದಲ್ಲೇ ಇದೆ. ನಾವು ಮಾತ್ರ 'ಚೀಟಿ' ಅನ್ನೋದನ್ನು 'ಅರಿವಿನ ಫಲಕ' ಅಂತ ಬದಲಿಸಿದ್ದೇವೆ.

ನಮ್ಮ ಸಂಘಕ್ಕೆ ಒಂದು ಸಲ ನಿಜವಾದ ಕೆಲಸವೂ ಬಂತು. 2020ರ ಏಪ್ರಿಲ್‌ನಲ್ಲಿ, ಕೊರೊನಾದಿಂದ ಬಾಗಿಲು ಮುಚ್ಚಿದ್ದಾಗ, ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ತನ್ನ ಗುತ್ತಿಗೆ ಶಿಕ್ಷಕರ ಒಪ್ಪಂದ ಮುರಿಯಿತು. ವ್ಯಾಖ್ಯೆಯಲ್ಲಿ ಶಿಕ್ಷಣಕ್ಕೆ ಮೊದಲ ಜಾಗ ಕೊಟ್ಟಾಗಿತ್ತಲ್ಲ, ಮನೆಗೆ ಕಳಿಸುವ ಸಾಲಿನಲ್ಲೂ ಮೊದಲ ಜಾಗವೇ ಸಿಕ್ಕಿತು. ನಾವು ತುರ್ತು ಸಭೆ ಕರೆದೆವು. 'ಕಳವಳ' ವ್ಯಕ್ತಪಡಿಸಬೇಕೋ, 'ತೀವ್ರ ಕಳವಳ' ವ್ಯಕ್ತಪಡಿಸಬೇಕೋ? ಎರಡು ಗಂಟೆ ಚರ್ಚೆ ನಡೆಯಿತು. 'ತೀವ್ರ' ಒಂದು ಮತದಿಂದ ಸೋತಿತು. ಪತ್ರ ಅಚ್ಚುಕಟ್ಟಾಗಿ ಸಿದ್ಧವಾಯಿತು. ಯಾರಿಗೆ ಕಳಿಸಬೇಕು ಅನ್ನೋದು ಕಾರ್ಯಸೂಚಿಯಲ್ಲಿ ಇರಲಿಲ್ಲವಾದ್ದರಿಂದ ಫೈಲಿನಲ್ಲಿದೆ.

ಕಳೆದ ಸಭೆ ಅಪರೂಪಕ್ಕೆ ಮುಖಾಮುಖಿ ನಡೆಯಿತು, ಒಂದು ಮ್ಯೂಸಿಯಂನ ಒಳಗೇ. ಕೋರಂಗೆ ಐದು ಜನ ಬೇಕು. ಐದೇ ಜನ ಇದ್ದೆವು. ವಿಷಯ 6: 'ಮ್ಯೂಸಿಯಂನಲ್ಲಿ ಮಕ್ಕಳ ದನಿ'. ಮಂಡಿಸುವ ಮೇಡಂ ಎದ್ದು ನಿಂತು, "ಮ್ಯೂಸಿಯಂ ಅಂದರೆ ಪಿಸುಮಾತು ಅನ್ನೋ ಕಾಲ ಹೋಗಬೇಕು" ಎಂದು ಶುರು ಮಾಡಿದರು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಹೋ ಅಂತ ಕೂಗು. ಶಾಲೆಯ ಮಕ್ಕಳು ಬಂದಿದ್ದರು. ಮೇಡಂ ಎರಡು ಸಲ ಮಾತು ನಿಲ್ಲಿಸಿದರು. ಮೂರನೇ ಸಲ ಅಧ್ಯಕ್ಷರು ನನ್ನ ಕಡೆ ತಿರುಗಿ, "ಕಾರ್ಯದರ್ಶಿಗಳೇ, ಸ್ವಲ್ಪ ಆ ಮಕ್ಕಳಿಗೆ ಸುಮ್ಮನಿರೋಕೆ ಹೇಳಿ ಬನ್ನಿ" ಎಂದರು.

ಹೋದೆ. ಏಳೆಂಟು ವರ್ಷದ ಹುಡುಗಿಯೊಬ್ಬಳು ಗಾಜಿಗೆ ಮೂಗು ಒತ್ತಿ ನಿಂತಿದ್ದಳು. ಒಳಗೆ ಒಂದು ಹಳೇ ಮಡಕೆ. ಕತ್ತಿನ ಹತ್ತಿರ ಒಂದು ಸಣ್ಣ ಗುಳಿ. ಹಸಿ ಮಣ್ಣಿರುವಾಗ ಮಾಡಿದವರ ಬೆರಳು ಊರಿ, ಹಾಗೇ ಸುಟ್ಟುಹೋದ ಗುರುತು. "ಇಲ್ಲಿ ಯಾರದೋ ಬೆರಳಿದೆ!" ಅಂತ ಅವಳು ಕಿರುಚಿದ್ದೇ ಆ ಕೂಗು. ಈಗ ಎಲ್ಲರೂ ಸಾಲಾಗಿ ಬಂದು ಗಾಜಿನ ಮೇಲೆ ತಮ್ಮ ಬೆರಳಿಟ್ಟು ಅಳತೆ ನೋಡುತ್ತಿದ್ದರು. ಕಲಿಸುವ ಹುಡುಗಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. "ದೊಡ್ಡವರ ಬೆರಳೋ, ಚಿಕ್ಕವರ ಬೆರಳೋ?" ಅಂತ ಒಂದೇ ಒಂದು ಪ್ರಶ್ನೆ ಕೇಳಿ ಸುಮ್ಮನಾಗಿದ್ದಳು. ಗಲಾಟೆ ಮಾಡಬೇಡಿ ಅನ್ನಲು ಬಾಯಿ ತೆರೆದವನು ನನ್ನ ಹೆಬ್ಬೆರಳನ್ನೂ ಇಟ್ಟು ನೋಡಿದೆ. ದೊಡ್ಡದಾಯಿತು. ಕಿರುಚಿದ ಹುಡುಗಿಯ ಕಿರುಬೆರಳು ಸರಿಯಾಗಿ ಕೂತಿತು.

ವಾಪಸ್ ಬಂದಾಗ ಸಭೆ ನಿಂತಿತ್ತು. ನಾನು ಎದ್ದು ಹೋದದ್ದರಿಂದ ಕೋರಂ ಮುರಿದಿತ್ತು. "ನಡಾವಳಿಯಲ್ಲಿ ಏನಂತ ಬರೆಯಲಿ ಸಾರ್?" ಎಂದೆ. ಕಾರ್ಯದರ್ಶಿಯೇ ಕಾಣೆ ಅಂತ ಬರೆದರೆ ಚೆನ್ನಾಗಿರಲ್ಲ ಎಂದು ಅಧ್ಯಕ್ಷರು ಯೋಚಿಸಿ ಯೋಚಿಸಿ ಬೇರೆ ಒಕ್ಕಣೆ ಹೇಳಿಕೊಟ್ಟರು. ಹಾಗೇ ಬರೆದೆ:

"ವಿಷಯ 6, 'ಮ್ಯೂಸಿಯಂನಲ್ಲಿ ಮಕ್ಕಳ ದನಿ': ಮಕ್ಕಳ ಗಲಾಟೆಯ ಕಾರಣ ಮುಂದಿನ ಸಭೆಗೆ ಮುಂದೂಡಲಾಗಿದೆ. ಸರ್ವಾನುಮತ."