ಮುಕ್ತಿ ಬೇಡ ಅಂದವರು ಎರಡೂ ಕಡೆ ಇದ್ದಾರೆ

ಪುಣೆಯ ನಮ್ಮ ಸೊಸೈಟಿಯ ಹಿರಿಯರ ನಡುವೆ ಒಂದು ಮಾತು ಆಗಾಗ ಕೇಳಿಬರುತ್ತದೆ. ಈ ಪಾರಾಯಣ ಇಷ್ಟು ಸಲ ಮಾಡಿದರೆ ಮೋಕ್ಷ, ಆ ಕ್ಷೇತ್ರಕ್ಕೆ ಇಷ್ಟು ಸಲ ಹೋದರೆ ಮತ್ತೆ ಹುಟ್ಟಿಲ್ಲ. ನನಗಂತೂ ಪಿಎಫ್ ಲೆಕ್ಕ ಕೇಳಿದ ಹಾಗಾಗುತ್ತದೆ. ಈಗ ಕಟ್ಟು, ಕೊನೆಗೆ ಒಟ್ಟಿಗೆ ತಗೋ. ನನ್ನ ಊರಿನ ಕಡೆ, ಕಲಬುರಗಿಯಲ್ಲೂ ಈ ಲೆಕ್ಕದವರಿಗೆ ಬರವಿಲ್ಲ. ಓದಿದರೆ ಇಂಥ ಫಲ ಅಂತ ಗ್ರಂಥದ ಕೊನೆಗೆ ಹೇಳುವ ಫಲಶ್ರುತಿಗಳಲ್ಲಿ ಇಂಥ ಮಾತು ಬೇಕಾದಷ್ಟಿವೆ, ಅದೂ ನಿಜ. ಆದರೆ ಭಕ್ತಿ ಅಂದರೇನು ಅಂತ ಬಿಡಿಸಿ ಹೇಳುವಾಗ ಶಾಸ್ತ್ರದ ದನಿಯೇ ಬೇರೆ.

ಭಾಗವತದ ಮೂರನೇ ಸ್ಕಂಧದಲ್ಲಿ ವಿಷ್ಣುವಿನ ಅವತಾರವಾದ ಕಪಿಲ ತನ್ನ ತಾಯಿ ದೇವಹೂತಿಗೆ ಇದನ್ನೇ ಹೇಳುತ್ತಾನೆ. ಐದು ಬಗೆಯ ಮುಕ್ತಿ ಎಣಿಸುತ್ತಾನೆ. ದೇವರ ಲೋಕದಲ್ಲಿ ಇರುವುದು, ಅವನಷ್ಟೇ ಐಶ್ವರ್ಯ ಪಡೆಯುವುದು, ಅವನ ಹತ್ತಿರ ಇರುವುದು, ಅವನ ರೂಪವನ್ನೇ ಪಡೆಯುವುದು, ಅವನಲ್ಲಿ ಒಂದಾಗುವುದು. ಇವನ್ನೆಲ್ಲ ಕೈಗಿಟ್ಟರೂ ನನ್ನವರು ತಗೊಳ್ಳುವುದಿಲ್ಲ, ಅವರಿಗೆ ನನ್ನ ಸೇವೆಯೇ ಬೇಕು ಅನ್ನುತ್ತಾನೆ. ಕೊಡುವವನೇ ಹೀಗೆ ಹೇಳಿದ ಮೇಲೆ ಲೆಕ್ಕ ಯಾರ ಹತ್ತಿರ ಕೇಳುವುದು?

ಪುಣೆಯ ಪಕ್ಕದ ದೇಹೂವಿನ ಸಂತ ತುಕಾರಾಮರೂ ಇದೇ ಮಾತು ಹೇಳಿದರು. ಮುಕ್ತಿ ಬೇಡ, ಸಂಪತ್ತು ಬೇಡ, ಸಂತರ ಸಂಗ ಕೊಡು, ಬೇಕಾದರೆ ಮತ್ತೆ ಬಸಿರಿಗೆ ಹಾಕು ಅಂದರು. ಇಲ್ಲಿಯವರು ಇದನ್ನು ಹೆಮ್ಮೆಯಿಂದ ಹಾಡುತ್ತಾರೆ. ಹಾಡಲಿ. ಆದರೆ ತುಕಾರಾಮರಿಗಿಂತ ಸುಮಾರು ಐನೂರು ವರ್ಷ ಮೊದಲೇ ನಮ್ಮ ಬೀದರ ಸೀಮೆಯ ಕಲ್ಯಾಣದಲ್ಲಿ ಒಬ್ಬ ಹೆಣ್ಣುಮಗಳು ಇದನ್ನು ಇನ್ನೂ ಖಡಕ್ಕಾಗಿ ಹೇಳಿದ್ದಳು. ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ, ಇವಳು ಅದನ್ನೇ ಬೇಯಿಸಿ ದಾಸೋಹ ಮಾಡುತ್ತಿದ್ದಳು. ಒಂದು ದಿನ ಅವನು ಜಾಸ್ತಿ ಅಕ್ಕಿ ತಂದ. ಇಷ್ಟೊಂದು ಆಸೆ ನಮಗೇಕೆ, ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಅದೇ ಲಕ್ಕಮ್ಮ ಇನ್ನೊಂದು ವಚನದಲ್ಲಿ, ದಾಸೋಹವೆಂಬ ಸೇವೆ ಬಿಟ್ಟು ಕೈಲಾಸದ ಆಸೆ ಬೇಡ, ಲಿಂಗವಿದ್ದ ಜಾಗವೇ ಕೈಲಾಸ ಅನ್ನುತ್ತಾಳೆ. ಅಕ್ಕಿಗೂ ಕೈಲಾಸಕ್ಕೂ ಅವಳದು ಒಂದೇ ತಕ್ಕಡಿ. ಎರಡೂ ಕಡೆ ಜಾಸ್ತಿ ಆಸೆ ಕಂಡರೆ ಬೈಯುತ್ತಾಳೆ.

ಎಲ್ಲರೂ ಹೀಗೇ ಹೇಳಿದ್ದಾರೆ ಅಂತಲ್ಲ. ಅದ್ವೈತಿಗಳಿಗೆ ಜ್ಞಾನ ಮುಖ್ಯ, ಅದು ಬಂದಾಗಲೇ ಬಿಡುಗಡೆ. ಕಾಗಿಣಾ ದಂಡೆಯ ಮಳಖೇಡದಲ್ಲಿ ಬೃಂದಾವನಸ್ಥರಾದರೆಂದು ನಂಬುವ ಜಯತೀರ್ಥರ ದ್ವೈತ ಪರಂಪರೆಯಲ್ಲಿ ಮೋಕ್ಷಕ್ಕೆ ಭಕ್ತಿಯೇ ಸಾಧನ, ಮೋಕ್ಷ ಸಿಕ್ಕ ಮೇಲೂ ಭಕ್ತಿ ನಿಲ್ಲುವುದಿಲ್ಲ. ಈ ವಾದಗಳನ್ನು ಬಲ್ಲವರಿಗೆ ಬಿಡುತ್ತೇನೆ.

ನನಗೆ ಕಾಡುವುದು ಸೇವೆಯ ರೀತಿ. ಆಷಾಢಕ್ಕೆ ಮುಂಚೆ ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ, ದೇಹೂವಿನಿಂದ ತುಕಾರಾಮರ ಪಾಲಖಿ ಪುಣೆಗೆ ಬಂದು ತಂಗುತ್ತವೆ. ಆಗ ನಾನಾ ಪೇಠ, ಭವಾನಿ ಪೇಠದ ಕಡೆ ಒಮ್ಮೆ ಹೋಗಿ ನೋಡಿ. ಪಂಢರಪುರಕ್ಕೆ ನಡೆದು ಹೊರಟ ಮುದುಕರು ಫುಟ್‌ಪಾತ್ ಮೇಲೆ ಕಾಲು ಚಾಚಿ ಕೂತಿರುತ್ತಾರೆ. ಒಬ್ಬ ಹರಿದ ಚಪ್ಪಲಿ ಹೊಲಿದು ಕೊಡುತ್ತಾನೆ, ದುಡ್ಡು ಮುಟ್ಟುವುದಿಲ್ಲ. ಇನ್ನೊಬ್ಬ ಗಡ್ಡ ಬೋಳಿಸಿ ಕೊಡುತ್ತಾನೆ. ಕಾಲೇಜು ಹುಡುಗರು ಗುರುತಿಲ್ಲದವರ ಧೂಳುಗಾಲನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಾರೆ. ಎಲ್ಲರೂ ಎಲ್ಲರಿಗೂ 'ಮಾವುಲಿ', ಅಂದರೆ ತಾಯಿ. ಯಾರು ಯಾರ ಕಾಲಿಗೆ ಬಿದ್ದರು ಅಂತ ನೋಡುವವರಿಲ್ಲ.

ನಮ್ಮಲ್ಲಿ? ಕಲಬುರಗಿಯ ಶರಣಬಸವೇಶ್ವರರ ಗುಡಿಯಲ್ಲಿ ದಾಸೋಹ ದಿನವೂ ನಡೆಯುತ್ತದೆ, ಪುಣೆಯ ಹಾಗೆ ಪಾಲಖಿ ಬಂದಾಗಿನ ಉತ್ಸಾಹ ಅಲ್ಲ. ಜಾತಿ ಕೇಳದೆ ಉಣ್ಣಿಸುವುದರಲ್ಲಿ ನಮ್ಮ ಭಾಗವನ್ನು ಮೀರಿಸುವುದು ಕಷ್ಟ. ಹಳ್ಳಿಯ ಮಠದ ಜಾತ್ರೆಗೆ ಹೆಣ್ಣುಮಕ್ಕಳು ಮನೆಯಲ್ಲೇ ಬಡಿದ ಕಡಕ್ ರೊಟ್ಟಿ ಬುಟ್ಟಿಗಟ್ಟಲೆ ತಂದು ಸುರಿಯುತ್ತಿದ್ದರು. ಸಣ್ಣವನಿದ್ದಾಗ ನಾನು ಅಲ್ಲಿ ಪ್ರವಚನ ಕೇಳುತ್ತಾ ಕೂತರೆ ನಮ್ಮ ದೊಡ್ಡವ್ವ ಬಂದು, "ಮುಕ್ತಿ ಗಿಕ್ತಿ ಆಮ್ಯಾಲ ಕೇಳಾಕಂತಿ, ಮದಲ ಪಂಕ್ತ್ಯಾಗ ನೀರ್ ಹಾಕ ನಡಿ" ಅಂತ ಎಬ್ಬಿಸುತ್ತಿದ್ದಳು. ಅವಳು ಲಕ್ಕಮ್ಮನನ್ನು ಓದಿದವಳಲ್ಲ, ಓದುವ ಅಗತ್ಯವೂ ಇರಲಿಲ್ಲ ಬಿಡಿ.

ಈಗ ಹೋದಾಗ ಕಾಣುವುದು ಬೇರೆ. ಮಂಟಪದ ಬಾಗಿಲಲ್ಲೇ ಫ್ಲೆಕ್ಸು, 'ಇಂದಿನ ದಾಸೋಹ ಇಂಥವರಿಂದ'. ಕೆಳಗೆ ಇಡೀ ಮನೆತನದ ಫೋಟೋ. ಅಡುಗೆ ಗುತ್ತಿಗೆಯವರದು, ಬಡಿಸುವವರು ಕೂಲಿಯವರು. ದಾನಿಗಳು ಶಾಲು ಹೊದ್ದು ವೇದಿಕೆ ಮೇಲೆ. ಉಂಡವರಿಗೆ ಹೊಟ್ಟೆ ತುಂಬಿತು, ಅದು ಸಣ್ಣ ಮಾತಲ್ಲ. ಆದರೆ ಕೈ ಎಲ್ಲಿ? ಸೇವೆಯನ್ನೂ ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸಿದರೆ ಉಳಿಯುವುದು ಅದೇ ಪಿಎಫ್ ಲೆಕ್ಕ ತಾನೆ?

ಮಜಾ ಏನೆಂದರೆ, ಪುಣೆಯ ನನ್ನ ನೆರೆಯವರೊಬ್ಬರು ಇದನ್ನು ಕಲಿಯಲು ನಮ್ಮ ಜಿಲ್ಲೆಗೇ ಬರುತ್ತಾರೆ. ದತ್ತನ ಕ್ಷೇತ್ರವಾದ ಗಾಣಗಾಪುರಕ್ಕೆ. ಭೀಮಾ, ಅಮರಜಾ ಸಂಗಮದಲ್ಲಿ ಮಿಂದು, ಮಧ್ಯಾಹ್ನ ಜೋಳಿಗೆ ಹಿಡಿದು ಐದು ಮನೆ ಮಧುಕರಿ ಬೇಡುತ್ತಾರೆ. ಆ ಹೊತ್ತಿಗೆ ದತ್ತನೂ ಭಿಕ್ಷೆಗೆ ಬಂದಿರುತ್ತಾನೆ ಅನ್ನುವ ನಂಬಿಕೆ ಅಲ್ಲಿದೆ. ನೀಡುವವರಿಗೆ ಜೋಳಿಗೆಯವನೇ ದೇವರಿರಬಹುದು, ಬೇಡುವವನಿಗೆ ಪಕ್ಕದವನೇ ದೇವರಿರಬಹುದು. ದೊಡ್ಡ ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ದ ಮನುಷ್ಯ ಅವರು. ಮೊದಲ ಮನೆ ಮುಂದೆ ಬಾಯಿಂದ ಮಾತೇ ಹೊರಡಲಿಲ್ಲವಂತೆ. ಒಳಗಿಂದ ಬಂದ ಹೆಂಗಸು ಮುಖ ಕೂಡ ನೋಡದೆ ಅರ್ಧ ರೊಟ್ಟಿ, ಅದರ ಮೇಲೆ ಒಂದಿಷ್ಟು ಪಲ್ಯ ಹಾಕಿ ಒಳಗೆ ಹೋದಳಂತೆ. ಅವರು ಇವತ್ತಿಗೂ ಹೇಳುವುದು ಆ ಮುಖ ನೋಡದ ಅರ್ಧ ರೊಟ್ಟಿಯ ಬಗ್ಗೆಯೇ.

ಅದಕ್ಕೇ ಊರಿನ ಜಾತ್ರೆ ಸಮಿತಿಯವರಿಗೆ ನನ್ನದೊಂದು ಮನವಿ. ಪುಣೆಯಿಂದ ಬಂದವರು ಅಂತ ನಮ್ಮಂಥವರಿಗೆ ಕುರ್ಚಿ ಹಾಕಬೇಡಿ, ಶಾಲೂ ಬೇಡ. ದೇಣಿಗೆ ಕೊಡುತ್ತೇವೆ, ಆದರೆ ಫ್ಲೆಕ್ಸಿನಲ್ಲಿ ಹೆಸರು ಬೇಡ. ಬಡಿಸುವ ಸಾಲಿನಲ್ಲಿ ಒಂದು ಸಾರಿನ ಬಕೆಟ್ ಕೈಗೆ ಕೊಡಿ, ಇಲ್ಲವೇ ಎಂಜಲು ಎಲೆ ಎತ್ತುವ ಕೆಲಸ ಕೊಡಿ. ಆ ಕೆಲಸಕ್ಕೆ ಯಾರೂ ಬರುತ್ತಿಲ್ಲ ಅಂತ ಹೋದ ಸಲ ನೀವೇ ಹೇಳಿದ್ರಲ್ಲ.