ನಮ್ಮ ಕೈದಿ ಪೂರ್ವಜನಿಗೆ ಯಾರದೋ ಅಪ್ಪ-ಅಮ್ಮನನ್ನು ಅಂಟಿಸುವವರಿಗೆ

ನನ್ನ ಮಾವನವರ ಮುತ್ತಜ್ಜನ ತಂದೆ ಐರ್ಲೆಂಡಿನಿಂದ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ಗೆ ಗಡೀಪಾರಾಗಿ ಬಂದ ಕೈದಿ. ರಯಾನ್ ಎಂಬುದು ಮನೆತನದ ಹೆಸರು. 1832ರಲ್ಲಿ ಐರ್ಲೆಂಡಿನ ಟಿಪ್ಪರೇರಿ ಕೌಂಟಿಯ (ನಮ್ಮ ಜಿಲ್ಲೆಯಂತೆ) ಕ್ಲಾನ್‌ಮೆಲ್‌ನಲ್ಲಿ ವಿಚಾರಣೆ ನಡೆದು ಏಳು ವರ್ಷಗಳ ಶಿಕ್ಷೆಯಾಯಿತು. ಅವನನ್ನು ಹೆತ್ತವರು ಯಾರು, ಯಾವ ಹಳ್ಳಿಯವರು ಎಂಬುದು ನಮಗೆ ಇಂದಿಗೂ ಗೊತ್ತಾಗಿಲ್ಲ. ಆದರೆ ಹಣ ಕಟ್ಟಿ ಸದಸ್ಯರಾಗಬೇಕಾದ ವಂಶಾವಳಿಯ ಜಾಲತಾಣವೊಂದರಲ್ಲಿ ಯಾರೋ ಪುಣ್ಯಾತ್ಮರು ಅವನಿಗೆ ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಒಡಹುಟ್ಟಿದವರ ಸಮೇತ ಇಡೀ ಒಂದು ಸಂಸಾರವನ್ನೇ ದಯಪಾಲಿಸಿದ್ದಾರೆ. ಉಳಿದವರೆಲ್ಲ ಕಣ್ಣುಮುಚ್ಚಿ ಅದನ್ನೇ ತಮ್ಮ ವಂಶವೃಕ್ಷಗಳಿಗೆ ನಕಲು ಮಾಡಿಕೊಂಡಿದ್ದಾರೆ.

ಇದಕ್ಕೆಲ್ಲ ಆಧಾರವೆಂದರೆ 1817ರ ಒಂದೇ ಒಂದು ದೀಕ್ಷಾಸ್ನಾನದ (ಮಗುವಿನ ಬ್ಯಾಪ್ಟಿಸಂ) ದಾಖಲೆ, ಅದೂ ಬೇರೆಯೇ ಆದ ಕಾರ್ಕ್ ಕೌಂಟಿಯದು. ನಮ್ಮವನು ಬಂದ ಹಡಗಿನ ಕೈದಿಪಟ್ಟಿಯಲ್ಲಿ ವಯಸ್ಸು 24, ಮದುವೆಯಾಗಿದೆ, ಇಬ್ಬರು ಮಕ್ಕಳು, ಹುಟ್ಟೂರು ಟಿಪ್ಪರೇರಿ ಎಂದು ಸ್ಪಷ್ಟವಾಗಿ ಅಚ್ಚಾಗಿದೆ. 1817ರಲ್ಲಿ ಹುಟ್ಟಿದ ಮಗು 1832ರಲ್ಲಿ ಹದಿನೈದರ ಹುಡುಗನಾಗಿರಬೇಕಲ್ಲವೇ? ಆ ಹುಡುಗನಿಗೆ ಹೆಂಡತಿ, ಇಬ್ಬರು ಮಕ್ಕಳು ಯಾವ ಲೆಕ್ಕದಲ್ಲಿ ಬಂದರು ಎಂದು ಒಬ್ಬರೂ ಕೇಳಿಕೊಂಡಿಲ್ಲ. ಹೆಸರು ಹೊಂದಿತು, ಅಷ್ಟು ಸಾಕು. ಟಿಪ್ಪರೇರಿಯಲ್ಲಿ ರಯಾನ್‌ಗಳು ಎಷ್ಟೊಂದು ಜನರಿದ್ದಾರೆಂದರೆ, ಒಂದು ಮನೆಯವರನ್ನು ಇನ್ನೊಂದು ಮನೆಯವರಿಂದ ಬೇರ್ಪಡಿಸಲು ಅಲ್ಲಿಯವರೇ ಅಡ್ಡಹೆಸರುಗಳನ್ನು ಇಟ್ಟುಕೊಂಡಿದ್ದಾರೆ.

ದಾಖಲೆ ಸಿಗದಿರುವುದಕ್ಕೆ ಯಾರೂ ನಾಚಿಕೊಳ್ಳಬೇಕಾಗಿಲ್ಲ. 1922ರ ಜೂನ್ 30ರಂದು, ಐರ್ಲೆಂಡಿನ ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯದ ಆವರಣದಲ್ಲಿದ್ದ ದಾಖಲೆ ಕಚೇರಿ ಸ್ಫೋಟಗೊಂಡು ಉರಿದುಹೋಯಿತು. 1821ರಿಂದ 1851ರವರೆಗಿನ ಜನಗಣತಿಗಳಲ್ಲಿ ಅಲ್ಲೊಂದು ಇಲ್ಲೊಂದು ತುಣುಕು ಬಿಟ್ಟರೆ ಮತ್ತೇನೂ ಉಳಿಯಲಿಲ್ಲ. 1836ಕ್ಕಿಂತ ಹಿಂದಿನ ಗಡೀಪಾರು ನೋಂದಣಿ ಪುಸ್ತಕಗಳೂ ಅಲ್ಲಿಯೇ ಬೂದಿಯಾದವು. ನಮ್ಮವನು ನಾಲ್ಕು ವರ್ಷ ತಡವಾಗಿ ಸಿಕ್ಕಿಬಿದ್ದಿದ್ದರೆ ನಮಗೆ ಅನುಕೂಲವಾಗುತ್ತಿತ್ತು. 1823ರಿಂದ 1837ರ ನಡುವಿನ ಚರ್ಚ್ ತೆರಿಗೆಯ ಪುಸ್ತಕಗಳಲ್ಲಿ ಜಮೀನು ಹಿಡಿದವರ ಹೆಸರಿದೆಯೇ ಹೊರತು ಅವನಂಥ ಕೂಲಿಯವನ ಹೆಸರಿಲ್ಲ. 1856ರಿಂದ ಇಲ್ಲಿ, ನ್ಯೂ ಸೌತ್ ವೇಲ್ಸ್‌ನಲ್ಲಿ, ಮರಣಪತ್ರಗಳಲ್ಲಿ ಹೆತ್ತವರ ಹೆಸರನ್ನು ಬರೆಯುತ್ತಿದ್ದರು; ಅವನ ಪತ್ರದಲ್ಲಿ ಮಾಹಿತಿ ಕೊಟ್ಟವನು ಅಳಿಯ, ಆ ಜಾಗದಲ್ಲಿರುವುದು "ಗೊತ್ತಿಲ್ಲ" ಎಂಬ ಉತ್ತರ. ಆ ಅಳಿಯನಿಗಿದ್ದ ಪ್ರಾಮಾಣಿಕತೆ ಇಂದಿನ ವಂಶೋದ್ಧಾರಕರಿಗಿಲ್ಲ.

ನನ್ನ ಸಹನೆ ಪೂರ್ತಿ ಕೆಟ್ಟದ್ದು ಡಿಎನ್‌ಎ ವಿಷಯದಲ್ಲಿ. ನನ್ನ ಪತಿಯ ಪರೀಕ್ಷೆಯ ಫಲಿತಾಂಶದ ಜೊತೆಗೆ ಆ ಕಾರ್ಕ್ ದಾಖಲೆಯಲ್ಲಿರುವ ದಂಪತಿಯನ್ನೇ ಪೂರ್ವಜರ ಸ್ಥಾನದಲ್ಲಿ ಕೂರಿಸಿ, ಇಷ್ಟು ಜನರ ಹೋಲಿಕೆ ಇದಕ್ಕಿದೆ ಎಂದು ಆ ಜಾಲತಾಣ ತೋರಿಸಿತು. ಹೋಲಿಕೆಯಾದ ಆ ಜನ ಯಾರು? ಎಲ್ಲರೂ ಇದೇ ಕೈದಿಯ ಆಸ್ಟ್ರೇಲಿಯಾದ ಮರಿಮಕ್ಕಳ ಸಂತತಿ, ಎಲ್ಲರೂ ಅದೇ ವಂಶವೃಕ್ಷವನ್ನು ನಕಲು ಮಾಡಿದವರು. ಅವರ ರಕ್ತ ನಮ್ಮ ರಕ್ತಕ್ಕೆ ಹೊಂದುವುದು ಅವನಿಂದ ಎಲ್ಲರೂ ಹುಟ್ಟಿದ್ದಕ್ಕಾಗಿ. ಅವನನ್ನು ಹೆತ್ತವರು ಯಾರೆಂಬುದಕ್ಕೆ ಅದು ಎಳ್ಳಷ್ಟೂ ಸಾಕ್ಷಿಯಲ್ಲ. ಆ ದಂಪತಿಯ ಬೇರೆ ಮಕ್ಕಳ ವಂಶದವರೊಬ್ಬರು, ಐರ್ಲೆಂಡಿನಲ್ಲೇ ಉಳಿದವರ ಮೊಮ್ಮಕ್ಕಳೋ ಅಮೆರಿಕಕ್ಕೆ ಹೋದವರ ಮೊಮ್ಮಕ್ಕಳೋ, ನಮಗೆ ಹೊಂದಿದ್ದರೆ ಮಾತು ಬೇರೆ. ಅಂಥವರು ಒಬ್ಬರೂ ಇಲ್ಲ. ಜನರ ತಪ್ಪನ್ನು ಯಂತ್ರ ಓದಿ, ಅದನ್ನೇ ವಿಜ್ಞಾನದ ಹೆಸರಿನಲ್ಲಿ ಜನರಿಗೆ ಹಿಂದಿರುಗಿಸಿ, ವರ್ಷಕ್ಕಿಷ್ಟು ಎಂದು ಶುಲ್ಕ ವಸೂಲಿ ಮಾಡುತ್ತಿದೆ.

ದೂರು ಕೊಟ್ಟರೆ, ಸದಸ್ಯರು ಬರೆದದ್ದಕ್ಕೆ ತಾವು ಹೊಣೆಯಲ್ಲ ಎಂಬ ಸಿದ್ಧ ಉತ್ತರ ಬರುತ್ತದೆ. ಕೈದಿಪಟ್ಟಿಯ ಪ್ರತಿಯನ್ನು ಲಗತ್ತಿಸಿ ಸದಸ್ಯರಿಗೇ ವಿನಯದಿಂದ ಬರೆದೆ. ಹೆಚ್ಚಿನವರು ಉತ್ತರಿಸಲಿಲ್ಲ. ಒಬ್ಬ ಮಹನೀಯರು, ಪತಿಯ ಕಡೆಯಿಂದ ದೂರದ ಸಂಬಂಧಿಯೇ, ಖಾಲಿ ಬಿಡುವುದಕ್ಕಿಂತ ಏನಾದರೂ ಇರುವುದು ಒಳ್ಳೆಯದಲ್ಲವೇ ಎಂದು ಕೇಳಿದರು. "ಭಾರತದಿಂದ ಬಂದ ನಿಮಗೆ ನಮ್ಮ ಐರಿಷ್ ಮನೆತನಗಳ ವಿಷಯ ಅರ್ಥವಾಗುವುದು ಕಷ್ಟ" ಎಂಬ ಒಗ್ಗರಣೆಯೂ ಇತ್ತು. ಇಪ್ಪತ್ನಾಲ್ಕರಿಂದ ಹದಿನೈದು ಕಳೆಯಲು ಐರಿಷ್ ರಕ್ತ ಬೇಕೆಂದು ನನಗೆ ತಿಳಿದಿರಲಿಲ್ಲ.

ಈಗ ಅದೇ ಮಹನೀಯರು ಕುಟುಂಬದ ಸಮಾವೇಶ ನಡೆಸಿ, ಆ ಕಾರ್ಕ್ ದಂಪತಿಯ ಹೆಸರನ್ನು ನಮ್ಮ ಕೈದಿಯ ಸಮಾಧಿಯ ಮೇಲೆ ಕಲ್ಲಿನಲ್ಲಿ ಕೆತ್ತಿಸುವುದಾಗಿ ಹೇಳಿ ಎಲ್ಲರಿಂದ ಚಂದಾ ಎತ್ತುತ್ತಿದ್ದಾರೆ. ನಮ್ಮ ಮನೆಯಿಂದ ಒಂದು ಕಾಸೂ ಹೋಗುವುದಿಲ್ಲ. ಎಂಬತ್ತು ದಾಟಿದ ಮಾವನವರು ಆ ಸಮಾಧಿಗೆ ಕೈ ಹಚ್ಚಕೂಡದೆಂದು ಸ್ಮಶಾನದ ಆಡಳಿತಕ್ಕೆ ಸಹಿ ಹಾಕಿ ಪತ್ರ ಬರೆದಿದ್ದಾರೆ.